ಮುಳುಗಡೆಯ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋದವರು

ಶರಾವತಿ ನದಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದೇ 1964ರಲ್ಲಿ ಸಾಗರದ ಇಪ್ಪತ್ತೇಳು ವರ್ಷದ ಹುಡುಗನೊಬ್ಬನ ಮೊದಲ ಕಾದಂಬರಿ ‘ಬಂಜೆ ಬೆಂಕಿ’ ಅಚ್ಚಾಯಿತು. ಹುಡುಗನ ಹೆಸರು ನಾರ್ಬರ್ಟ್ ಡಿಸೋಜ. ಕನ್ನಡ ಓದುಗರಿಗೆ ನಾ. ಡಿಸೋಜ. ಎರಡೂ ಒಂದೇ ವರ್ಷ ಆಗಿದ್ದು ಕಾಕತಾಳೀಯವೇ ಇರಬಹುದು. ಆದ್ರೆ ಮುಂದಿನ ಅರವತ್ತು ವರ್ಷ ಈ ಮನುಷ್ಯ ಬರೆದಿದ್ದರಲ್ಲಿ ಆ ಅಣೆಕಟ್ಟಿನ ನೀರು ಮತ್ತೆ ಮತ್ತೆ ಬಂತು. ದೊಡ್ಡವರ ಕಾದಂಬರಿಗೂ ಬಂತು, ಮಕ್ಕಳ ಕಾದಂಬರಿಗೂ ಬಂತು. 2011ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಿಕ್ಕಿದ್ದು ‘ಮುಳುಗಡೆಯ ಊರಿಗೆ ಬಂದವರು’ ಅನ್ನೋ ಮಕ್ಕಳ ಕಾದಂಬರಿಗೆ.

ನಾನು ಹೊಸಪೇಟೆ ತಾಲೂಕಿನ ಪಾಪಿನಾಯಕನಹಳ್ಳಿಯವನು. ಹೊಸಪೇಟೆಯಿಂದ ಬಳ್ಳಾರಿ ಕಡೆ ಹೋಗೋ ರಸ್ತೆ, ರೈಲು ಎರಡೂ ನಮ್ಮೂರನ್ನು ಮುಟ್ಟಿಕೊಂಡೇ ಹೋಗ್ತವೆ. ಸಾಗರಕ್ಕೂ ನಮಗೂ ಮಾತಿನಲ್ಲಿ, ಮಳೆಯಲ್ಲಿ, ಊಟದಲ್ಲಿ ಅಜಗಜಾಂತರ. ಅಲ್ಲಿ ಅಡಿಕೆ ತೋಟ, ಇಲ್ಲಿ ಜೋಳದ ಹೊಲ. ಅಲ್ಲಿ ಬಿಡದೆ ಹೊಡೆಯೋ ಮಳೆ, ಇಲ್ಲಿ ಅದಿರು ಲಾರಿಗಳ ಕೆಂಪು ಧೂಳು. ಆದ್ರೂ ಒಂದು ವಿಷಯದಲ್ಲಿ ನಾವು ನೆಂಟರು. ನಮ್ಮ ಕಡೆಯೂ ಒಂದು ಡ್ಯಾಮ್ ಇದೆ, ಅದರ ನೀರಿನ ಅಡಿಯಲ್ಲೂ ಊರುಗಳಿವೆ. ಹಾಗಾಗಿ ಡಿಸೋಜರ ಬರವಣಿಗೆಯ ಬದುಕು ನನಗೆ ಬರೀ ಸಾಹಿತ್ಯದ ವಿಷಯವಾಗಿ ಕಾಣೋದಿಲ್ಲ. ಅದರಲ್ಲಿ ಒಂದು ಪ್ರಶ್ನೆ ಇದೆ: ಮುಳುಗಿ ಹೋದ ಊರಿನ ಕಥೆಯನ್ನು, ಆ ಊರನ್ನು ನೋಡೇ ಇಲ್ಲದ ಮಕ್ಕಳಿಗೆ ಯಾಕೆ ಹೇಳಬೇಕು? ಅದನ್ನು ಯಾರು ಹೇಳಬೇಕು?

ಮೊದಲು ಆ ಮನುಷ್ಯನ ಬಗ್ಗೆ. ಹುಟ್ಟಿದ್ದು 1937ರ ಜೂನ್ 6, ಸಾಗರದಲ್ಲಿ. ಅಪ್ಪ ಶಾಲಾ ಮಾಸ್ತರು. ಮನೆಯೊಳಗಿನ ಮಾತು ಕೊಂಕಣಿ, ಹೊಸಿಲು ದಾಟಿದರೆ ಮಲೆನಾಡಿನ ಕನ್ನಡ. ಊರಲ್ಲಿ ಇಗರ್ಜಿ, ಅದರ ಸುತ್ತ ಕ್ರೈಸ್ತರ ಮನೆಗಳು. ಆ ಬದುಕು ಮುಂದೆ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಅನ್ನೋ ಕಾದಂಬರಿಯಾಯಿತು. ಅವರು ಹೈಸ್ಕೂಲು ವಯಸ್ಸಿನಲ್ಲಿದ್ದಾಗ, 1951ರಲ್ಲಿ, ಅದೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರ ಸತ್ಯಾಗ್ರಹ ನಡೀತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಭೂಮಿ ಯಾರದ್ದು ಅನ್ನೋ ಪ್ರಶ್ನೆ ಪೇಟೆಯ ಕಟ್ಟೆಗಳ ಮೇಲೆ ಚರ್ಚೆಯಾಗುತ್ತಿದ್ದ ಕಾಲ ಅದು. ಹತ್ತೇ ವರ್ಷದಲ್ಲಿ ಪ್ರಶ್ನೆ ಬದಲಾಯ್ತು. ಭೂಮಿ ಯಾರದ್ದು ಅನ್ನೋದಿರಲಿ, ಭೂಮಿ ಉಳಿಯುತ್ತಾ ಅನ್ನೋ ಹಾಗಾಯ್ತು.

ಆ ಹೊತ್ತಿಗೆ ಡಿಸೋಜ ಎಲ್ಲಿದ್ದರು? ಲೋಕೋಪಯೋಗಿ ಇಲಾಖೆಯಲ್ಲಿ. ಶರಾವತಿ ಯೋಜನೆಯ ಕಚೇರಿ ಕೆಲಸದಲ್ಲಿ. ಇದು ನನಗೆ ಇಡೀ ಕಥೆಯಲ್ಲಿ ಬಹಳ ಮುಖ್ಯ ಅನಿಸುವ ಸಂಗತಿ. ಮುಳುಗಡೆಯ ಬಗ್ಗೆ ಕನ್ನಡದಲ್ಲಿ ಇಷ್ಟು ಬರೆದವರು ದೂರದಲ್ಲಿ ನಿಂತು ಮರುಕಪಟ್ಟವರಲ್ಲ. ಅಣೆಕಟ್ಟು ಕಟ್ಟಿದ ಇಲಾಖೆಯ ಸಂಬಳ ತಿಂದವರು. ದುಡಿಮೆಯ ಬಹುಪಾಲು ವರ್ಷಗಳನ್ನು ಅಲ್ಲೇ ಕಳೆದವರು.

ಇಂಥ ಯೋಜನೆಯ ಕಚೇರಿಯಲ್ಲಿ ಕಾಗದ ಹೇಗೆ ಓಡಾಡುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಮೊದಲು ಸರ್ವೆ. ನೀರು ಎಲ್ಲಿವರೆಗೆ ಬರುತ್ತೆ ಅಂತ ಒಂದು ಗೆರೆ. ಲಿಂಗನಮಕ್ಕಿಯಲ್ಲಿ ಆ ಗೆರೆ ಸಮುದ್ರಮಟ್ಟದಿಂದ 1819 ಅಡಿ. ಗೆರೆಯ ಕೆಳಗಿನ ಸರ್ವೆ ನಂಬರುಗಳ ಪಟ್ಟಿ. ಭೂಸ್ವಾಧೀನದ ನೋಟಿಸು. ತಕರಾರಿಗೆ ಗಡುವು. ಮನೆ ಎಷ್ಟು ಅಂಕಣ, ತೋಟದಲ್ಲಿ ಎಷ್ಟು ಮರ, ಯಾವ ಮರಕ್ಕೆ ಎಷ್ಟು ದರ ಅಂತ ಎಣಿಕೆ. ಆಮೇಲೆ ಪರಿಹಾರದ ಆದೇಶ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ 1819 ಅನ್ನೋದು ಕೋಡ್‌ನ ಮೇಲ್ಗಡೆ ಯಾರೋ ಒಮ್ಮೆ ಬರೆದಿಟ್ಟ ಒಂದು ಕಾನ್‌ಸ್ಟೆಂಟ್. ಕೆಳಗೆ ಸಾವಿರಾರು ಸಾಲು ಅದನ್ನೇ ನಂಬಿಕೊಂಡು ಓಡ್ತವೆ. ಅದನ್ನು ಒಂದು ಅಡಿ ಏರಿಸಿದರೆ ಇನ್ನೆಷ್ಟೋ ಅಡುಗೆಮನೆಗಳು ಪಟ್ಟಿಗೆ ಸೇರ್ತವೆ. ಫೈಲಿನಲ್ಲಿ ಮಾತ್ರ ಅದು ಬರೀ ಒಂದು ಅಂಕಿ.

ಫೈಲಿಗೆ ಕಾಣದ್ದು ಕೆಲವು ಇರ್ತವೆ. ಪರಿಹಾರದ ಹಣ ಕೈಗೆ ಬಂದ ದಿನ ಅಣ್ಣತಮ್ಮಂದಿರ ನಡುವೆ ಏನಾಯ್ತು, ದನಗಳನ್ನು ಯಾರಿಗೆ ಕೊಟ್ಟರು, ಊರ ದೇವರನ್ನು ಎತ್ತಿಕೊಂಡು ಹೋದವರು ಯಾರು, ಹೋಗೋದಿಲ್ಲ ಅಂತ ಕೂತವರು ಯಾರು. ಡಿಸೋಜ ಬರೆದಿದ್ದು ಇದನ್ನ. ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಕಾದಂಬರಿಗಳು ಹುಟ್ಟಿದ್ದು ಇಲ್ಲಿಂದ. ‘ದ್ವೀಪ’ದಲ್ಲಿ ಹಿನ್ನೀರು ಏರುತ್ತಾ ಏರುತ್ತಾ ಒಂದು ಗುಡ್ಡವನ್ನು ಸುತ್ತುವರಿದುಬಿಡುತ್ತೆ. ಗುಡ್ಡ ದ್ವೀಪವಾಗುತ್ತೆ. ಅಲ್ಲಿ ಉಳಿದ ಗಣಪಯ್ಯ, ನಾಗವೇಣಿ ಎಂಬ ಗಂಡ ಹೆಂಡಿರ ನಡುವೆಯೂ ನೀರು ಏರುತ್ತೆ. ಈ ಸಣ್ಣ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಸೌಂದರ್ಯ ನಾಗವೇಣಿಯಾಗಿ ನಟಿಸಿದ್ದಲ್ಲದೆ ನಿರ್ಮಾಪಕಿಯೂ ಆದರು. ಅತ್ಯುತ್ತಮ ಚಿತ್ರಕ್ಕೆ ಕೊಡೋ ಸ್ವರ್ಣಕಮಲ ಬಂತು. ಸುಶೀಲಾ ಪುನೀತ ಅವರ ಅನುವಾದದಲ್ಲಿ ಕಾದಂಬರಿ ಇಂಗ್ಲಿಷಿಗೂ ಹೋಯ್ತು. ಅದಕ್ಕಿಂತ ಮುಂಚೆ ‘ಕಾಡಿನ ಬೆಂಕಿ’ಯನ್ನು ಸುರೇಶ್ ಹೆಬ್ಳೀಕರ್ ಸಿನಿಮಾ ಮಾಡಿದ್ದರು. ನಿಮ್ಮಲ್ಲಿ ಬಹಳ ಜನ ಡಿಸೋಜರ ಹೆಸರು ಕೇಳಿರೋದು ಈ ಎರಡು ಸಿನಿಮಾ ಮೂಲಕವೇ ಅಂತ ನನ್ನ ಊಹೆ.

ಇಷ್ಟೆಲ್ಲಾ ಬರೆಯೋಕೆ ಅವರಿಗೆ ಟೈಮ್ ಎಲ್ಲಿತ್ತು? ಕೆಲಸ ಮುಗಿಸಿ, ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕೂತು ಮನೆಗೆ ಬರೋ ನಾವು ದಿನಾ ಕೇಳಿಕೊಳ್ಳೋ ಪ್ರಶ್ನೆ ಇದು. ‘ಕೆಲಸ ಬಿಟ್ಟು ಬರೀಬೇಕು ಗುರೂ’ ಅನ್ನೋ ಮಾತು ಪ್ರತಿ ಆಫೀಸಿನ ಕಾಫಿ ಮಷಿನ್ ಹತ್ರ ಕೇಳಿಸುತ್ತೆ. ಕನ್ನಡದ ಚರಿತ್ರೆ ನೋಡಿದರೆ, ಅದರಲ್ಲೂ ಮಕ್ಕಳಿಗಾಗಿ ಬರೆದವರ ಚರಿತ್ರೆ ನೋಡಿದರೆ, ಹಾಗೆ ಕೆಲಸ ಬಿಟ್ಟು ಬರೆದವರು ಬಹಳ ಕಡಿಮೆ. ಪಂಜೆ ಮಂಗೇಶರಾಯರು ಮೇಷ್ಟ್ರು, ಶಾಲಾ ಇನ್‌ಸ್ಪೆಕ್ಟರು. ಜಿ.ಪಿ. ರಾಜರತ್ನಂ ಕನ್ನಡ ಮೇಷ್ಟ್ರು. ‘ದಿನಕ್ಕೊಂದು ಕಥೆ’ ಅಂತ ಇಡೀ ವರ್ಷಕ್ಕಾಗುವಷ್ಟು ಕಥೆ ಕೊಟ್ಟ ಅನುಪಮಾ ನಿರಂಜನ ವೈದ್ಯೆ. ಹಗಲೆಲ್ಲ ರೋಗಿಗಳನ್ನು ನೋಡಿ ಆಮೇಲೆ ಬರೆದವರು. ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಯಾರಿಗೂ ಅನ್ನ ಕೊಟ್ಟಿಲ್ಲ. ಅನ್ನ ಬೇರೆ ಕಡೆ ಸಂಪಾದಿಸಿದವರು ಅದನ್ನು ಸಾಕಿದ್ದಾರೆ.

ಡಿಸೋಜರಂಥ ಸಣ್ಣ ಊರಿನ ನೌಕರನಿಗೆ ಇನ್ನೊಂದು ಆಸರೆ ಇತ್ತು: ಪತ್ರಿಕೆಗಳು. ‘ಕಸ್ತೂರಿ’ 1956ರಲ್ಲಿ ಶುರುವಾಯ್ತು, ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ, ‘ತರಂಗ’ 1983ರಲ್ಲಿ. ‘ಪ್ರಜಾಮತ’ ಮೊದಲೇ ಇತ್ತು. ಇವುಗಳ ಜೊತೆಗೆ ಯುಗಾದಿ, ದೀಪಾವಳಿ ವಿಶೇಷಾಂಕಗಳು, ಕಥಾ ಸ್ಪರ್ಧೆಗಳು. ಬರಹಗಾರ ಬೆಂಗಳೂರಿನಲ್ಲಿ ಇರಬೇಕಿರಲಿಲ್ಲ, ಯಾರ ಪರಿಚಯವೂ ಬೇಕಿರಲಿಲ್ಲ. ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಸ್ಟಾಂಪು ಅಂಟಿಸಿದ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟರೆ ಮುಗೀತು. ಧಾರಾವಾಹಿಯಾಗಿ ಬಂದರೆ ವಾರ ವಾರ ಓದುಗರ ಕಾಗದ. ಆಮೇಲೆ ಪುಸ್ತಕ, ಪುಸ್ತಕದಿಂದ ಬಾಡಿಗೆ ಲೈಬ್ರರಿ. ಈ ದಾರಿಯಲ್ಲೇ ಸಾಗರದಲ್ಲಿ ಕೂತ ಒಬ್ಬರು ಹತ್ತಾರು ಕಾದಂಬರಿ, ಅಷ್ಟೇ ಸಂಖ್ಯೆಯ ಮಕ್ಕಳ ಪುಸ್ತಕ, ಕಥೆ, ನಾಟಕ ಬರೆದು ಊರು ಬಿಡದೆ ಬದುಕಿದರು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಗೂ ಅವರು ಹೋಗಿದ್ದು ಸಾಗರದಿಂದಲೇ.

ಈಗ ಮಕ್ಕಳ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಹೊಸದಲ್ಲ. ಪಂಜೆಯವರು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದ್ದು 1921ರಲ್ಲಿ. ಕುವೆಂಪು ಬ್ರೌನಿಂಗ್ ಕವಿಯ ಕಥನವನ್ನು ಮಲೆನಾಡಿಗೆ ತಂದು ಕಿಂದರಿಜೋಗಿ ಮಾಡಿದರು. ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ ಅಂತ ಮಕ್ಕಳ ವಿಶ್ವಕೋಶ ತಂದರು. ‘ಚಂದಮಾಮ’ ಕನ್ನಡಕ್ಕೆ ಬಂದಿದ್ದು 1949ರಲ್ಲಿ. ನಮ್ಮ ತಲೆಮಾರಿಗೆ ‘ಬಾಲಮಂಗಳ’, ಅದರ ಡಿಂಗ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ ಬಾಲಮಂಗಳ ನೋಡಿ, ಅಪ್ಪನ ಜೇಬು ನೋಡಿ, ಬಸ್ಸು ಹೊರಡೋದರೊಳಗೆ ಹಟ ಹಿಡಿದು ಕೊಡಿಸಿಕೊಂಡವರು ನೀವೂ ಇದ್ದೀರಿ.

ಆದ್ರೆ ಈ ಪಟ್ಟಿಯನ್ನು ಸರಿಯಾಗಿ ನೋಡಿ. ಪದ್ಯ ಇದೆ, ಪುರಾಣ ಇದೆ, ರಾಜಕುಮಾರರ ಕಥೆ ಇದೆ, ಚಿತ್ರಕಥೆ ಇದೆ, ವಿಜ್ಞಾನ ಇದೆ. ಹನ್ನೆರಡರಿಂದ ಹದಿನಾರು ವಯಸ್ಸಿನ ಹುಡುಗ ಹುಡುಗಿಗೆ ತನ್ನ ಕಾಲದ, ತನ್ನ ಊರಿನ ಒಂದು ಉದ್ದ ಕಾದಂಬರಿ? ಅದು ಕಡಿಮೆ. ನಮ್ಮ ಕಡೆ ನಾವು ಡಿಂಗನಿಂದ ನೇರ ಯಂಡಮೂರಿಗೆ ಜಿಗಿದವರು. ಅದೃಷ್ಟ ಇದ್ದವರಿಗೆ ನಡುವೆ ತೇಜಸ್ವಿ ಸಿಕ್ಕರು. ‘ಕರ್ವಾಲೊ’ ಮಕ್ಕಳಿಗೆ ಅಂತ ಬರೆದಿದ್ದಲ್ಲ, ಆದ್ರೂ ಎಷ್ಟೋ ಹೈಸ್ಕೂಲು ಹುಡುಗರ ಮೊದಲ ಕಾದಂಬರಿ ಅದೇ. ಇಂಗ್ಲಿಷಿನಲ್ಲಿ ಈ ವಯಸ್ಸಿಗೆ ‘ಯಂಗ್ ಅಡಲ್ಟ್’ ಅಂತ ಒಂದು ಕಪಾಟೇ ಇದೆ. ಅಮೆರಿಕದಲ್ಲಿ ಎಸ್.ಇ. ಹಿಂಟನ್ ಎಂಬ ಹುಡುಗಿ ತಾನೇ ಹೈಸ್ಕೂಲಿನಲ್ಲಿದ್ದಾಗ ಬರೆಯಲು ಶುರುಮಾಡಿದ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಬಂದ ಮೇಲೆ ಆ ಕಪಾಟು ತುಂಬ್ತಾ ಹೋಯ್ತು. ನಮ್ಮ ಪುಸ್ತಕದಂಗಡಿಗಳಲ್ಲಿ ಅಂಥ ಕಪಾಟು ಇಲ್ಲ. ‘ಮಕ್ಕಳ ಪುಸ್ತಕ’ ಅಂತ ಕೇಳಿದರೆ ಬಣ್ಣ ತುಂಬೋ ಪುಸ್ತಕ ತೋರಿಸ್ತಾರೆ.

ಡಿಸೋಜ ಬರೆದಿದ್ದು ಆ ಇಲ್ಲದ ಕಪಾಟಿಗೆ. ಅದೂ ಮುಳುಗಡೆಯಂಥ ವಿಷಯ ಇಟ್ಟುಕೊಂಡು. ಮಕ್ಕಳಿಗೆ ಇದೆಲ್ಲ ಯಾಕೆ, ದುಃಖದ ಕಥೆ ಅಲ್ವಾ ಅಂತ ಕೇಳೋರು ಇದ್ದೇ ಇರ್ತಾರೆ. ಆ ಪುಸ್ತಕದ ಹೆಸರನ್ನೇ ಇನ್ನೊಮ್ಮೆ ಓದಿ: ‘ಮುಳುಗಡೆಯ ಊರಿಗೆ ಬಂದವರು’. ಮುಳುಗಡೆ ಅಂದ ತಕ್ಷಣ ನಮಗೆ ನೆನಪಾಗೋದು ಹೋದವರು. ಗಾಡಿ ಕಟ್ಟಿಕೊಂಡು, ಪಾತ್ರೆಪಗಡೆ ಹೇರಿಕೊಂಡು ಹೋದವರು. ದೊಡ್ಡವರ ಕಾದಂಬರಿಗಳಲ್ಲಿ ಡಿಸೋಜ ಬರೆದಿದ್ದು ಹೋದವರ ಮತ್ತು ಹೋಗಲಾರದವರ ಕಥೆ. ಮಕ್ಕಳ ಪುಸ್ತಕಕ್ಕೆ ಅವರು ಇಟ್ಟ ಹೆಸರಿನಲ್ಲಿ ‘ಬಂದವರು’ ಇದ್ದಾರೆ. ಬರೋದು ಆಮೇಲಿನ ತಲೆಮಾರು. ನೀರು ನಿಂತ ಮೇಲೆ ಹುಟ್ಟಿದವರು. ಅವರ ಪಾಲಿಗೆ ಅಲ್ಲಿ ಊರೇ ಇಲ್ಲ, ಬರೀ ನೀರು. ಅಲ್ಲಿ ಏನಿತ್ತು ಅಂತ ಹೇಳೋ ಒಬ್ಬರು ಬೇಕು. ಹೇಳೋರು ಇಲ್ಲದಿದ್ದರೆ ಅದು ಸುಮ್ಮನೆ ಒಂದು ಚೆಂದದ ಕೆರೆ, ಸೆಲ್ಫಿಗೆ ಒಳ್ಳೇ ಜಾಗ.

ಇದು ನನಗೆ ಪುಸ್ತಕದಿಂದ ಮಾತ್ರ ಗೊತ್ತಾದ ವಿಷಯ ಅಲ್ಲ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿದ್ದು 1945ರ ಫೆಬ್ರವರಿ 28ರಂದು. ಆಗ ನದಿಯ ಈ ದಡ ಮದ್ರಾಸ್ ಪ್ರಾಂತ್ಯ, ಆ ದಡ ಹೈದರಾಬಾದ್ ನಿಜಾಮನ ರಾಜ್ಯ. ಕಟ್ಟಡ ಮುಗಿಯೋದರೊಳಗೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಿಜಾಮನ ಆಳ್ವಿಕೆ ಮುಗೀತು, 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದ ಈ ಅಣೆಕಟ್ಟಿಗೆ 33 ಗೇಟು. ಹಿನ್ನೀರಿನಲ್ಲಿ ಸುಮಾರು 90 ಹಳ್ಳಿ ಮುಳುಗಿದವು, 54 ಸಾವಿರದಷ್ಟು ಜನ ಎದ್ದು ಹೋಗಬೇಕಾಯ್ತು. ನಮ್ಮ ಕಡೆಯ ನಾರಾಯಣದೇವರಕೆರೆ ಹಾಗೆ ಮುಳುಗಿದ ದೊಡ್ಡ ಊರು. ಅಲ್ಲಿನವರು ಬಂದು ನೆಲೆ ನಿಂತಿದ್ದು ಇವತ್ತಿನ ಮರಿಯಮ್ಮನಹಳ್ಳಿಯಲ್ಲಿ. ರಂಗಭೂಮಿಯ ಕಲಾವಿದೆಯರಿಂದ, ಮಂಜಮ್ಮ ಜೋಗತಿಯವರಿಂದ ಹೆಸರಾದ ಊರು.

ನಮ್ಮಮ್ಮನ ಕಡೆಯವರು ಹಾಗೆ ಬಂದವರು. ಬೇಸಿಗೆ ರಜೆಗೆ ಅಲ್ಲಿಗೆ ಹೋದಾಗ ತಾತ ಒಮ್ಮೊಮ್ಮೆ ಹಿನ್ನೀರಿನ ಕಡೆ ಕರ್ಕೊಂಡು ಹೋಗ್ತಿದ್ದ. ನೀರು ಇಳಿದಿರೋ ಕಾಲ. ದೂರದಲ್ಲಿ ಒಣಗಿದ ಕೆಸರು, ಅಲ್ಲಲ್ಲಿ ಕಲ್ಲು. ಕೈ ಚಾಚಿ ಹೇಳ್ತಿದ್ದ: “ಅಲ್ಲೈತಿ ನೋಡಪಾ ನಮ್ಮ ಮನಿ. ಅದರ ಪಕ್ಕಕ್ಕ ಗರಡಿಮನಿ.” ನಾನು “ಎಲ್ಲಿ ತಾತ? ಬರೇ ನೀರೈತಲ್ಲ” ಅಂತಿದ್ದೆ. “ನಿನಗ ಕಾಣಂಗಿಲ್ಲ ಬಿಡು” ಅಂತ ನಕ್ಕು ಬೀಡಿ ಹಚ್ಚತಿದ್ದ. ಇತ್ತು ಅಂತ ಯಾವತ್ತೂ ಹೇಳಲಿಲ್ಲ. ಐವತ್ತು ವರ್ಷ ಆಗಿದ್ರೂ ಅವನ ಬಾಯಲ್ಲಿ ಆ ಮನೆ ‘ಐತಿ’ಯಾಗೇ ಉಳಿದಿತ್ತು.

ನಮ್ಮ ಶಾಲೆಯಿಂದಲೂ ಪ್ರತಿ ವರ್ಷ ಟಿ.ಬಿ. ಡ್ಯಾಮಿಗೆ ಪ್ರವಾಸ ಇರ್ತಿತ್ತು. ಗಾರ್ಡನ್, ಜಿಂಕೆ ಪಾರ್ಕು, ಸಂಗೀತ ಕಾರಂಜಿ. ಬುತ್ತಿ ಕಟ್ಟಿಕೊಂಡು ಹೋಗಿ ಉಂಡು ಬರೋದು. ಅಣೆಕಟ್ಟಿನ ಉದ್ದ, ಎತ್ತರ, ಗೇಟುಗಳ ಸಂಖ್ಯೆ ಬಾಯಿಪಾಠ ಮಾಡ್ಕೊಂಡಿದ್ವಿ, ಪರೀಕ್ಷೆಗೆ ಬರುತ್ತೆ ಅಂತ. ಮುಳುಗಿದ ಊರುಗಳ ಹೆಸರು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ತಾತನ ಮಾತು ಒಂದು ಕಡೆ, ಪಾಠದ ಪುಸ್ತಕ ಇನ್ನೊಂದು ಕಡೆ. ಎರಡರ ನಡುವೆ ಸೇತುವೆ ಆಗಬಹುದಾದದ್ದು ಒಂದು ಕಥೆ ಪುಸ್ತಕ. ಹನ್ನೆರಡು ವರ್ಷದ ಹುಡುಗ ತಾನೇ ಓದಿ, ತಾತನ ಹತ್ರ ಹೋಗಿ ‘ಗರಡಿಮನೆಯ ಉಸ್ತಾದ ಯಾರು?’ ಅಂತ ಕೇಳೋ ಹಾಗೆ ಮಾಡೋ ಪುಸ್ತಕ. ಡಿಸೋಜರ ಮಕ್ಕಳ ಕಾದಂಬರಿ ಶರಾವತಿ ಹಿನ್ನೀರಿನ ಪಕ್ಕದ ಮಕ್ಕಳಿಗೆ ಇಂಥ ಸೇತುವೆ ಅಂತ ನಾನು ನಂಬಿದ್ದೇನೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಡ್ಯಾಮ್ ಬೇಡವಿತ್ತು ಅಂತ ಹೇಳೋಕೆ ನಾನು ಇದನ್ನು ಬರೀತಿಲ್ಲ. ತುಂಗಭದ್ರೆ ಇಲ್ಲದಿದ್ದರೆ ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಭತ್ತ ಇರ್ತಿರಲಿಲ್ಲ. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋದಾಗ ನಮ್ಮ ಕಡೆ ಮನೆಮನೆಯಲ್ಲಿ ಸೂತಕದ ಹಾಗಿತ್ತು. ಆ ನೀರಿನ ಬೆಲೆ ಗೊತ್ತಿರೋದರಿಂದಲೇ ಆ ಆತಂಕ. ಈಗ ನಮ್ಮೂರ ಹೆಸರಿನಲ್ಲೇ ಏತ ನೀರಾವರಿ ಯೋಜನೆ ಇದೆ, ಅದೇ ತುಂಗಭದ್ರೆಯ ನೀರು ಮೇಲೆ ಹತ್ತಿ ಒಣ ಊರುಗಳ ಕೆರೆಗೆ ಬರಲಿ ಅಂತ. ಶರಾವತಿಯೂ ಹಾಗೇ. ಅಲ್ಲಿನ ವಿದ್ಯುದಾಗಾರ 1035 ಮೆಗಾವಾಟಿನದ್ದು. ಬೆಂಗಳೂರಿನಲ್ಲಿ ಕಾರ್ಖಾನೆಗಳು ಬೆಳೆದಿದ್ದು, ಆಮೇಲೆ ನಮ್ಮಂಥವರ ಕಂಪನಿಗಳು ಬಂದಿದ್ದು ಇಂಥ ಕರೆಂಟಿನ ಮೇಲೆ. ಡಿಸೋಜ ಕೂಡ ಇದನ್ನು ಬಲ್ಲವರೇ, ಆ ಯೋಜನೆಯಲ್ಲೇ ದುಡಿದವರು. ಅವರ ಬರವಣಿಗೆ ಕೇಳಿದ್ದು ಇಷ್ಟೇ: ಬೆಳಕು ಯಾರಿಗೆ ಬಂತು ಅಂತ ಬರೆದಿಟ್ಟ ಹಾಗೆ, ಕತ್ತಲೆ ಯಾರಿಗೆ ಬಂತು ಅಂತಲೂ ಬರೆದಿಡಿ.

ಕತ್ತಲೆ ಅನ್ನೋದು ಅಲಂಕಾರದ ಮಾತಲ್ಲ. ಲಿಂಗನಮಕ್ಕಿಗೆ ಮನೆ ಬಿಟ್ಟುಕೊಟ್ಟವರಲ್ಲಿ ಎಷ್ಟೋ ಜನರನ್ನು ಕಾಡಿನ ನಡುವೆ ತಂದು ಬಿಡಲಾಯ್ತು. ಆ ಜಾಗ ಅರಣ್ಯವೋ ಕಂದಾಯ ಭೂಮಿಯೋ ಅನ್ನೋ ತಕರಾರು ಅರವತ್ತು ವರ್ಷವಾದರೂ ಮುಗಿದಿಲ್ಲ. ‘ಶರಾವತಿ ಸಂತ್ರಸ್ತರ ಹಕ್ಕುಪತ್ರ’ ಅನ್ನೋ ಸುದ್ದಿ ಶಿವಮೊಗ್ಗದ ಪತ್ರಿಕೆಗಳಲ್ಲಿ ಇವತ್ತಿಗೂ ಬರ್ತಾ ಇರುತ್ತೆ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದ ಜನ ತಾಲೂಕು ಕೇಂದ್ರಕ್ಕೆ ಬರೋಕೆ ಲಾಂಚಿಗೆ ಕಾಯಬೇಕಿತ್ತು. ಸಂಜೆ ಲಾಂಚು ನಿಂತರೆ ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ, ಸುತ್ತು ಬಳಸಿನ ದಾರಿಯೇ ಗತಿ. ಸಿಗಂದೂರಿಗೆ ಹೋದವರು ಕಾರನ್ನು ಲಾಂಚಿಗೆ ಹತ್ತಿಸಿ ವಿಡಿಯೋ ಮಾಡಿರ್ತೀರಿ. ನಮಗೆ ಅದು ಮಜಾ. ಅಲ್ಲಿನ ಹುಡುಗರಿಗೆ ಅದು ಕಾಲೇಜಿಗೆ ಹೋಗೋ ದಾರಿ.

2019ರಲ್ಲಿ ಈ ಕಥೆ ನೇರ ನಮ್ಮ ಅಡುಗೆಮನೆಯ ನಲ್ಲಿವರೆಗೂ ಬಂತು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರೋ ಪ್ರಸ್ತಾಪ ಸರ್ಕಾರದಿಂದ ಬಂತು. ಮಲೆನಾಡು ಎದ್ದು ನಿಂತಿತು. ಆ ವರ್ಷದ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. ಆ ಹೋರಾಟದ ಮುಂದಿನ ಸಾಲಿನಲ್ಲಿ ನಿಂತವರು 82 ವರ್ಷದ ನಾ. ಡಿಸೋಜ. ಯೌವನದಲ್ಲಿ ಅಣೆಕಟ್ಟಿನ ಕಚೇರಿಯಲ್ಲಿ ಕೂತವರು, ಮುಪ್ಪಿನಲ್ಲಿ ಅದೇ ಅಣೆಕಟ್ಟಿನ ನೀರಿಗಾಗಿ ಬೀದಿಗೆ ಬಂದರು. ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಕಾಯೋ ಅಪಾರ್ಟ್‌ಮೆಂಟಿನವನು ನಾನೂ ಹೌದು. ಆದ್ರೂ ಆ ವಾದದಲ್ಲಿ ಸಾಗರದವರ ಪಕ್ಕಕ್ಕೆ ನಿಲ್ಲದೆ ಇರೋಕೆ ನನಗೆ ಆಗಲಿಲ್ಲ. ಒಂದು ನದಿಯಿಂದ ಮೊದಲು ಊರು ತಗೊಂಡು, ಆಮೇಲೆ ಕರೆಂಟು ತಗೊಂಡು, ಕೊನೆಗೆ ಕುಡಿಯೋ ನೀರನ್ನೂ ಕೇಳುವಾಗ, ಕೇಳೋ ಊರಿಗೆ ಮೊದಲ ಎರಡು ನೆನಪಾದರೂ ಇರಬೇಕು. ಆ ನೆನಪು ಎಲ್ಲಿಂದ ಬರಬೇಕು? ಬೆಂಗಳೂರಿನ ಮಕ್ಕಳು ಓದೋ ಪುಸ್ತಕದಿಂದಲೇ ಬರಬೇಕು. ಹಾಗಾಗಿ ಇಂಥ ಕಾದಂಬರಿ ಸಾಗರದ ಮಕ್ಕಳಿಗೆ ಎಷ್ಟು ಬೇಕೋ ಎಚ್‌ಎಸ್‌ಆರ್ ಲೇಔಟಿನ ಮಕ್ಕಳಿಗೂ ಅಷ್ಟೇ ಬೇಕು.

ನಾ. ಡಿಸೋಜ 2025ರ ಜನವರಿ 5ರಂದು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 87. ಅದೇ ವರ್ಷ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆಯಿತು. ಹಿನ್ನೀರು ದ್ವೀಪ ಮಾಡಿಟ್ಟಿದ್ದ ಊರುಗಳಿಗೆ ಅರವತ್ತು ವರ್ಷದ ಮೇಲೆ ರಸ್ತೆ ಬಂತು. ಆರು ತಿಂಗಳ ಅಂತರ.

ಮಕ್ಕಳ ಕಾದಂಬರಿ ಅವರೊಂದಿಗೆ ನಿಂತಿಲ್ಲ. ಒಂಬತ್ತರಿಂದ ಹದಿನಾರರ ವಯಸ್ಸಿನವರಿಗಾಗಿ ಬರೆದ ಪುಸ್ತಕಗಳಿಗೆ ಅಂತಲೇ ಇರೋ ಬಾಲ ಸಾಹಿತ್ಯ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ ಬಂತು. 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ. ಮೂರೂ ಕಾದಂಬರಿಗಳೇ. 2025ರಲ್ಲಿ ನಮ್ಮ ಬಳ್ಳಾರಿ ಕಡೆಯ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಕಥಾಸಂಕಲನಕ್ಕೆ ಬಂತು. ಕಪಾಟು ನಿಧಾನವಾಗಿ ತುಂಬ್ತಾ ಇದೆ. ಅಂಗಡಿಯವರು ಅದಕ್ಕೊಂದು ಹೆಸರು ಅಂಟಿಸೋದು ಬಾಕಿ, ನಾವು ಹೋಗಿ ಕೇಳೋದು ಬಾಕಿ. ಹುಟ್ಟುಹಬ್ಬಕ್ಕೆ ಆರುನೂರು ರೂಪಾಯಿಯ ಇಂಗ್ಲಿಷ್ ಪುಸ್ತಕ ಕೊಡಿಸೋ ಅಪ್ಪ ಅಮ್ಮಂದಿರು ಇದರ ಜೊತೆ ಕನ್ನಡದ ಒಂದು ಮಕ್ಕಳ ಕಾದಂಬರಿ ಸೇರಿಸಿದರೆ ಬಿಲ್ಲು ಏನೂ ಹೆಚ್ಚಾಗೋದಿಲ್ಲ.

ಬರೆಯೋ ಆಸೆ ಇದ್ದು, ಕೆಲಸ ಬಿಡೋಕಾಗದೆ ಒದ್ದಾಡ್ತಿರೋರಿಗೂ ಈ ಬದುಕಿನಲ್ಲಿ ಒಂದು ಉತ್ತರ ಇದೆ. ಡಿಸೋಜರಿಗೆ ಅವರ ಕೆಲಸವೇ ವಿಷಯ ಕೊಟ್ಟಿತು. ಕಚೇರಿಗೆ ಹೋಗದಿದ್ದರೆ ಅವರಿಗೆ ಮುಳುಗಡೆ ಇಷ್ಟು ಹತ್ತಿರದಿಂದ ಕಾಣ್ತಿತ್ತಾ? ನಾವು ದಿನಾ ಬರೆಯೋ ಕೋಡಿನ ಯಾವ ಅಂಕಿ ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೆ, ಯಾವ ಆ್ಯಪು ಬಂದು ಯಾವ ಅಂಗಡಿ ಮುಚ್ಚಿತು, ಅಂತ ನಮಗಿಂತ ಹತ್ತಿರದಿಂದ ನೋಡಬಲ್ಲವರು ಯಾರು? ಅದನ್ನು ಹದಿಮೂರು ವರ್ಷದ ಹುಡುಗಿಗೆ ಅರ್ಥವಾಗೋ ಹಾಗೆ, ಅವಳು ಪುಟ ತಿರುಗಿಸೋ ಹಾಗೆ ಬರೆಯೋದು ಕಷ್ಟದ ಕೆಲಸ. ಸಾಗರದ ಒಬ್ಬ ಸರ್ಕಾರಿ ನೌಕರ ಅದನ್ನು ಸಂಜೆಗಳಲ್ಲಿ, ರಜೆಗಳಲ್ಲಿ ಮಾಡಿ ತೋರಿಸಿದ್ದಾರೆ.

ಲೆಕ್ಕ ಹಾಕಿ ನೋಡಿ. ತುಂಗಭದ್ರೆಯ ಹಿನ್ನೀರು ಏರಿದಾಗ ಹತ್ತು ವರ್ಷವಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಲಿಂಗನಮಕ್ಕಿಯಲ್ಲಿ ಹತ್ತು ವರ್ಷವಾಗಿದ್ದವರಿಗೆ ಎಪ್ಪತ್ತು. ಮರಿಯಮ್ಮನಹಳ್ಳಿಯ ಕಟ್ಟೆಗಳ ಮೇಲೆ, ತುಮರಿಯ ಜಗಲಿಗಳ ಮೇಲೆ ಅವರು ಇನ್ನೂ ಕೂತಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನು ಕರ್ಕೊಂಡು ಹೋಗಿ ಅವರ ಪಕ್ಕದಲ್ಲಿ ಕೂರಿಸಿ. ಹಳೇ ಊರಿನಲ್ಲಿ ಯಾವ ಬೀದಿ ಆದ ಮೇಲೆ ಯಾವ ಬೀದಿ ಬರ್ತಿತ್ತು ಅಂತ ಮಕ್ಕಳೇ ಕೇಳಲಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋದು ನಮಗೆ ಬರುತ್ತೆ. ಕಾದಂಬರಿಯನ್ನು ಆ ಮಕ್ಕಳಲ್ಲೇ ಒಬ್ಬರು ಬರೀತಾರೆ.